ಡಯಟ್ ಮಾಡಿ ಇಳಿದ ತೂಕ ವಾಪಸ್ ಯಾಕೆ ಬರತ್ತೆ, ಸರ್ಜರಿ ಯಾರಿಗೆ ಬೇಕು

"ತಪ್ಪೆಲ್ಲ ನಂದೇ ಮೇಡಂ, ನಂಗೆ ಬಾಯಿ ಕಟ್ಟೋಕೆ ಆಗಲ್ಲ" ಅಂತ ತಲೆ ತಗ್ಗಿಸ್ಕೊಂಡೇ ಮಾತು ಶುರು ಮಾಡೋರು ನಮ್ಮ ಒಪಿಡಿಯಲ್ಲಿ ತುಂಬಾ ಜನ. ನಾನು ಡಯಟೀಷಿಯನ್, ಬೇರಿಯಾಟ್ರಿಕ್ ಸರ್ಜರಿ, ಅಂದ್ರೆ ತೂಕ ಇಳಿಸೋ ಆಪರೇಷನ್ ಮಾಡೋ ಟೀಮ್ ಜೊತೆ ಕೆಲಸ ಮಾಡ್ತೀನಿ, ಹಾಗಾಗಿ ಬರೀ ಊಟ ಸರಿ ಮಾಡ್ಕೊಂಡು ತೂಕ ಇಳಿಸ್ತೀನಿ ಅನ್ನೋರನ್ನೂ ನೋಡ್ತೀನಿ, ಆಪರೇಷನ್ ಆಗಿ ಐದಾರು ವರ್ಷ ಕಳೆದವರನ್ನೂ ನೋಡ್ತೀನಿ. ಇವರ ಹಳೇ ಲೆಕ್ಕ ಕೇಳಿದ್ರೆ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಥರ, ಮದುವೆಗೆ ಮುಂಚೆ ಅನ್ನ ಬಿಟ್ಟು ಹತ್ತು ಕೆಜಿ ಇಳಿಸಿದ್ರು, ಹೆರಿಗೆ ಆದ್ಮೇಲೆ ಕೀಟೋ ಮಾಡಿ ಹನ್ನೆರಡು ಇಳಿಸಿದ್ರು, ಆಮೇಲೆ ಯಾರೋ ಹೇಳಿದ್ರು ಅಂತ ಶೇಕ್ ಕುಡಿದು ಇನ್ನೊಂದು ಎಂಟು, ಎಲ್ಲ ಕೂಡಿಸಿದ್ರೆ ಮೂವತ್ತು ಕೆಜಿ ಇಳಿಸಿದಾರೆ, ಆದ್ರೆ ಇವತ್ತು ತೂಕದ ಮಷಿನ್ ಮೇಲೆ ನಿಂತ್ರೆ ಮೊದಲು ಇದ್ದಿದ್ದಕ್ಕಿಂತ ಜಾಸ್ತಿ. ಇಷ್ಟು ಸಲ ಇಳಿಸಿದವರಿಗೆ ಮನಸ್ಸು ಗಟ್ಟಿ ಇಲ್ಲ ಅಂತ ನಾನಂತೂ ಹೇಳಲ್ಲ. ಇಳಿಸೋದು ಅವರಿಗೆ ಚೆನ್ನಾಗೇ ಗೊತ್ತು, ಇಳಿದ ಜಾಗದಲ್ಲಿ ನಿಲ್ಲೋಕೆ ದೇಹ ಬಿಡ್ತಿಲ್ಲ ಅಷ್ಟೇ.

ದೇಹ ಬಿಡಲ್ಲ ಅನ್ನೋದು ಸಮಾಧಾನಕ್ಕೆ ಹೇಳೋ ಮಾತಲ್ಲ, ಅಳೆದು ನೋಡಿರೋದು. ಕೊಬ್ಬು ಕರಗಿದ ಹಾಗೆ ಲೆಪ್ಟಿನ್ ಅನ್ನೋ ಹಾರ್ಮೋನ್ ಕಮ್ಮಿ ಆಗತ್ತೆ, ಅದು ಕಮ್ಮಿ ಆದ್ರೆ ಮೆದುಳಿಗೆ ಬರಗಾಲ ಬಂದಿದೆ ಅಂತ ಸುದ್ದಿ ಹೋಗತ್ತೆ, ಇನ್ನೊಂದು ಕಡೆ ಹಸಿವು ಹುಟ್ಟಿಸೋ ಗ್ರೆಲಿನ್ ಏರತ್ತೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನಕ್ಕೆ 10 ವಾರ ತುಂಬಾ ಕಮ್ಮಿ ಕ್ಯಾಲೊರಿ ಕೊಟ್ಟು ತೂಕ ಇಳಿಸಿ, ವರ್ಷ ಆದ್ಮೇಲೆ ಮತ್ತೆ ರಕ್ತ ತೆಗೆದು ನೋಡಿದ್ರು, ಅಷ್ಟೊತ್ತಿಗೆ ಸ್ವಲ್ಪ ತೂಕ ವಾಪಸ್ ಬಂದಿತ್ತು, ಆದ್ರೂ ಹಸಿವಿನ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಬಂದಿರ್ಲಿಲ್ಲ, ಜನಕ್ಕೆ ಹಸಿವೂ ಜಾಸ್ತಿನೇ ಇತ್ತು. ಇದು ಪ್ರಕಟ ಆಗಿದ್ದು 2011ರಲ್ಲಿ. ಅಮೆರಿಕದಲ್ಲಿ ತೂಕ ಇಳಿಸೋ ಸ್ಪರ್ಧೆಯ ಟಿವಿ ಶೋ ಒಂದಿತ್ತಲ್ಲ, ದಿ ಬಿಗ್ಗೆಸ್ಟ್ ಲೂಸರ್, ಅದರ 14 ಸ್ಪರ್ಧಿಗಳನ್ನ ಆರು ವರ್ಷ ಬಿಟ್ಟು ಪರೀಕ್ಷೆ ಮಾಡಿದ್ರು. ಶೋನಲ್ಲಿ ಸರಾಸರಿ 58 ಕೆಜಿ ಇಳಿಸಿದ್ದವರು, ಅದರಲ್ಲಿ 41 ಕೆಜಿ ವಾಪಸ್ ಬಂದಿತ್ತು. ನನಗೆ ಅದಕ್ಕಿಂತ ದೊಡ್ಡದು ಅನ್ಸಿದ್ದು ಇನ್ನೊಂದು ಅಂಕಿ: ಅವರ ಮೈ ಸುಮ್ನೆ ಕೂತಾಗ ಸುಡೋ ಕ್ಯಾಲೊರಿ, ಅವರ ಗಾತ್ರಕ್ಕೆ ಇರಬೇಕಾಗಿದ್ದಕ್ಕಿಂತ ದಿನಕ್ಕೆ ಸುಮಾರು 500 ಕಮ್ಮಿ. ಅಂದ್ರೆ ಅದೇ ಗಾತ್ರದ ಪಕ್ಕದ ಮನೆಯವರಿಗಿಂತ ಇವರು ದಿನಾ ನಾಲ್ಕೈದು ಒಣ ಚಪಾತಿಯಷ್ಟು ಕಮ್ಮಿ ತಿಂದ್ರೆ ಮಾತ್ರ ತೂಕ ಅಲ್ಲಲ್ಲೇ ನಿಲ್ಲತ್ತೆ, ಅದೂ ಜಾಸ್ತಿ ಹಸಿವು ಇಟ್ಕೊಂಡು. ಮನೆಯವರು ಇದನ್ನ ತಿಳ್ಕೊಂಡ್ರೆ "ಎಷ್ಟು ಸಲ ಹೇಳೋದು ನಿಂಗೆ" ಅನ್ನೋ ಮಾತು ಅರ್ಧ ಕಮ್ಮಿ ಆಗತ್ತೆ.

ಹಂಗಂತ ಡಯಟ್ ದಂಡ ಅಂತ ನಾನು ಹೇಳ್ತಿಲ್ಲ, ಹೇಳಿದ್ರೆ ನನ್ನ ಕೆಲಸಕ್ಕೇ ಮೋಸ ಮಾಡ್ದಂಗೆ. ಶುಗರ್ ಇರೋ 5,145 ಜನರನ್ನ ಇಟ್ಕೊಂಡು ಅಮೆರಿಕದಲ್ಲಿ ಲುಕ್ ಅಹೆಡ್ ಅಂತ ದೊಡ್ಡ ಅಧ್ಯಯನ ನಡೀತು, ಊಟ, ವ್ಯಾಯಾಮ, ಪದೇ ಪದೇ ಕೌನ್ಸೆಲಿಂಗ್ ಎಲ್ಲ ಸಿಕ್ಕ ಗುಂಪಲ್ಲಿ ಮೊದಲ ವರ್ಷ ಸರಾಸರಿ ನೂರಕ್ಕೆ 8.6ರಷ್ಟು ತೂಕ ಇಳೀತು, ಎಂಟನೇ ವರ್ಷಕ್ಕೆ ಉಳಿದಿದ್ದು 4.7. ಕೇಳೋಕೆ ಸಣ್ಣದು, ಆದ್ರೆ ಆ ಗುಂಪಲ್ಲಿ ಅರ್ಧದಷ್ಟು ಜನ ಎಂಟು ವರ್ಷ ಆದ್ಮೇಲೂ ನೂರಕ್ಕೆ 5 ಅಥವಾ ಅದಕ್ಕಿಂತ ಜಾಸ್ತಿ ಇಳಿಕೆ ಉಳಿಸ್ಕೊಂಡಿದ್ರು. 80 ಕೆಜಿ ಇರೋರಿಗೆ ಅದು ನಾಲ್ಕು ಕೆಜಿ, ಅಷ್ಟಕ್ಕೇ ಬಿಪಿ, ಶುಗರ್, ಫ್ಯಾಟಿ ಲಿವರ್ ಸುಧಾರಿಸೋದನ್ನ ನಾನು ರಿಪೋರ್ಟಲ್ಲಿ ದಿನಾ ನೋಡ್ತೀನಿ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ, ಶುಗರ್ ಬಂದು ಆರು ವರ್ಷದೊಳಗೆ ಇದ್ದವರಿಗೆ ದಿನಕ್ಕೆ 850 ಕ್ಯಾಲೊರಿ ಹತ್ತಿರದ ಡಯಟ್ ಕೆಲವು ತಿಂಗಳು ಕೊಟ್ಟು, ಒಂದು ವರ್ಷಕ್ಕೆ ನೂರಕ್ಕೆ 46 ಜನ ಮಾತ್ರೆ ಇಲ್ಲದೆ ಶುಗರ್ ಹದ್ದುಬಸ್ತಲ್ಲಿ ಇರೋ ಹಂತಕ್ಕೆ ಬಂದ್ರು, ಎರಡನೇ ವರ್ಷಕ್ಕೆ ಅದು 36 ಆಯ್ತು. ಇದನ್ನ ಓದಿ ಯಾರೂ ಮನೇಲಿ ನೀವೇ ಶುರು ಮಾಡ್ಬೇಡಿ, ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಳೋರು ಊಟ ಹಂಗೆ ಇಳಿಸಿದ್ರೆ ಲೋ ಶುಗರ್ ಆಗಿ ಬೀಳ್ತಾರೆ, ಡಾಕ್ಟರ್ ಮಾತ್ರೆ ಕಮ್ಮಿ ಮಾಡ್ಕೊಂಡು ನೋಡ್ಬೇಕು.

ಈಗ ಸರ್ಜರಿ ವಿಷಯ. ಹೊಟ್ಟೆ ಕೊಬ್ಬನ್ನ ಕೊಯ್ದು ತೆಗೀತಾರೆ ಅಂತ ಈಗಲೂ ತುಂಬಾ ಜನ ಅಂದ್ಕೊಂಡಿದಾರೆ, ಅದಲ್ಲ ಇದು, ಕೊಬ್ಬು ಹೀರಿ ತೆಗೆಯೋ ಲೈಪೋಸಕ್ಷನ್‌ಗೂ ಇದಕ್ಕೂ ಸಂಬಂಧ ಇಲ್ಲ. ನಮ್ಮಲ್ಲಿ ಜಾಸ್ತಿ ಮಾಡೋದು ಸ್ಲೀವ್, ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸ್ತಾರೆ. ಇನ್ನೊಂದು ಬೈಪಾಸ್, ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸ್ತಾರೆ. ಹೊಟ್ಟೆ ಚಿಕ್ಕದಾಗಿದ್ದಕ್ಕೆ ತೂಕ ಇಳಿಯತ್ತೆ ಅನ್ನೋದು ಅರ್ಧ ಸತ್ಯ ಮಾತ್ರ. ಸ್ಲೀವಲ್ಲಿ ತೆಗೆಯೋ ಭಾಗದಲ್ಲೇ ಗ್ರೆಲಿನ್ ಜಾಸ್ತಿ ತಯಾರಾಗೋದು, ಜೊತೆಗೆ ಊಟ ಬೇಗ ಕರುಳಿಗೆ ಇಳಿಯೋದ್ರಿಂದ ಸಾಕು ಅನ್ನೋ ಸಂದೇಶ ಕೊಡೋ ಜಿಎಲ್‌ಪಿ-1, ಪಿವೈವೈ ಅನ್ನೋ ಹಾರ್ಮೋನ್‌ಗಳು ಏರ್ತವೆ. ಡಯಟ್ ಮಾಡೋನು ಹಸಿವಿನ ಎದುರು ಹೋರಾಡ್ತಾ ಕಮ್ಮಿ ತಿಂತಾನೆ, ಸರ್ಜರಿ ಆದವನಿಗೆ ಆ ಹಸಿವೇ ತಗ್ಗಿರತ್ತೆ. ಇಬ್ಬರೂ ಕಮ್ಮಿ ತಿಂತಿದಾರೆ, ಆದ್ರೆ ಒಳಗೆ ನಡೀತಿರೋದು ಪೂರ್ತಿ ಬೇರೆ, ಐದು ಹತ್ತು ವರ್ಷದ ಲೆಕ್ಕದಲ್ಲಿ ಇಷ್ಟು ಅಂತರ ಬರೋಕೆ ಇದೇ ಕಾರಣ.

ಆ ಲೆಕ್ಕಕ್ಕೆ ಎಲ್ಲರೂ ನೋಡೋದು ಸ್ವೀಡನ್ ಕಡೆ, 1987ರಲ್ಲಿ ಶುರುವಾದ ಎಸ್‌ಒಎಸ್ ಅನ್ನೋ ಅಧ್ಯಯನ. ಸರ್ಜರಿ ಆದ ಎರಡು ಸಾವಿರ ಜನ, ಮಾಮೂಲಿ ಚಿಕಿತ್ಸೆ ತಗೊಂಡ ಎರಡು ಸಾವಿರ ಜನ. ಬೈಪಾಸ್ ಆದವರಲ್ಲಿ ಮೊದಲ ಒಂದೆರಡು ವರ್ಷಕ್ಕೆ ಸರಾಸರಿ ನೂರಕ್ಕೆ 32ರಷ್ಟು ತೂಕ ಇಳೀತು, ಹತ್ತನೇ ವರ್ಷಕ್ಕೆ 25ರಲ್ಲಿ ನಿಂತಿತ್ತು. ಸರ್ಜರಿ ಇಲ್ಲದ ಗುಂಪಲ್ಲಿ ತೂಕ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಸರಾಸರಿ ಹನ್ನೊಂದು ವರ್ಷ ಗಮನಿಸಿದಾಗ ಸರ್ಜರಿ ಗುಂಪಲ್ಲಿ ಸಾಯೋ ಅಪಾಯವೂ ನೂರಕ್ಕೆ 29ರಷ್ಟು ಕಮ್ಮಿ ಇತ್ತು. ಯಾರಿಗೆ ಏನು ಚಿಕಿತ್ಸೆ ಅಂತ ಚೀಟಿ ಎತ್ತಿ ಹಂಚಿದ ಅಧ್ಯಯನ ಅಲ್ಲ ಅದು, ಆ ಮಿತಿ ನೆನಪಿರ್ಲಿ. ಹಾಗೆ ಹಂಚಿ ಮಾಡಿದ್ದು ಅಮೆರಿಕದ ಸ್ಟಾಂಪೀಡ್, 150 ಶುಗರ್ ಪೇಷಂಟ್‌ಗಳು, ಐದು ವರ್ಷ ಆದ್ಮೇಲೆ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಮ್ಮಿ ಇದ್ದಿದ್ದು ಬೈಪಾಸ್ ಆದವರಲ್ಲಿ ನೂರಕ್ಕೆ 29, ಸ್ಲೀವ್ ಆದವರಲ್ಲಿ 23, ಬರೀ ಔಷಧಿಯಲ್ಲಿ 5.

ಸ್ವೀಡನ್ ಅಂಕಿಯಲ್ಲಿ 32 ಇದ್ದಿದ್ದು 25 ಆಯ್ತಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಸರ್ಜರಿ ಆದ್ಮೇಲೂ ಒಂದಿಷ್ಟು ತೂಕ ವಾಪಸ್ ಬರೋದು ಸಹಜ, ಆದ್ರೆ ಇದನ್ನ ಮುಂಚೆನೇ ಯಾರೂ ಹೇಳಿರಲ್ಲ, ಹಾಗಾಗಿ ಮೂರನೇ ವರ್ಷದಲ್ಲಿ ನಾಲ್ಕು ಕೆಜಿ ಏರಿದ ತಕ್ಷಣ ಆಪರೇಷನ್ ಫೇಲ್ ಆಯ್ತು ಅಂತ ಅಳ್ತಾ ಬರ್ತಾರೆ. ಮಂಡ್ಯ ಕಡೆಯ ಒಬ್ಬರು ಅಮ್ಮ ಹಂಗೇ ಬಂದಿದ್ರು, ಸ್ಲೀವ್ ಆಗಿ ಮೂರು ವರ್ಷ, ತೂಕ ಏರ್ತಾ ಇದೆ, "ನಾನು ಊಟನೇ ಮಾಡಲ್ಲ ಕಣವ್ವ, ಒಂದು ಹಿಡಿ ಅನ್ನ ಮುಗೀತು" ಅಂತಾರೆ. ಅವರು ಹೇಳ್ತಿರೋದು ನಿಜ ಅಂತ ನಂಗೆ ಗೊತ್ತಿತ್ತು. "ಊಟದ ಮಾತು ಬಿಡಿ ಅಮ್ಮ, ಬೆಳಿಗ್ಗೆ ಎದ್ದಾಗಿಂದ ಬಾಯಿಗೆ ಏನೇನು ಹೋಯ್ತು ಹೇಳಿ" ಅಂದೆ. ಸಕ್ಕರೆ ಹಾಕಿದ ಟೀ ಮೂರ್ನಾಲ್ಕು ಸಲ, ಟೀ ಜೊತೆ ಬೆಣ್ಣೆ ಬಿಸ್ಕತ್ತು, ಮಧ್ಯಾಹ್ನ ಮೊಮ್ಮಗ ಬಿಟ್ಟ ಬನ್ನು, ಸಂಜೆ ಒಂದು ಮುಷ್ಟಿ ಖಾರ. ಮೆತ್ತಗಿರೋದು, ಬಾಯಲ್ಲಿ ಕರಗೋದು ಯಾವುದೂ ಸ್ಲೀವ್ ಹೊಟ್ಟೆಯಲ್ಲಿ ನಿಲ್ಲಲ್ಲ, ಸರಕ್ಕನೆ ಜಾರಿ ಹೋಗತ್ತೆ, ಹೊಟ್ಟೆ ತುಂಬಿದ ಸೂಚನೆ ಬರೋದೇ ಇಲ್ಲ. ಅದೇ ಎರಡು ಮೊಟ್ಟೆ, ಒಂದು ಬಟ್ಟಲು ಹೆಸರುಕಾಳಿನ ಉಸ್ಲಿ ತಿಂದ್ರೆ ನಾಲ್ಕು ಗಂಟೆ ಬೇರೆ ಏನೂ ಬೇಕು ಅನ್ಸಲ್ಲ. ನಾವು ಅವರಿಗೆ ಮಾಡಿದ್ದು ಇಷ್ಟೇ, ಟೀ ಎರಡಕ್ಕೆ ಇಳಿಸಿದ್ವಿ, ಟೀ ಪಕ್ಕದ ತಟ್ಟೆ ತೆಗೆಸಿದ್ವಿ, ಹೊತ್ತು ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡಿ ಅಂದ್ವಿ. ಏರೋದು ನಿಂತು, ನಿಧಾನಕ್ಕೆ ಇಳಿಯೋಕೂ ಶುರುವಾಯ್ತು.

ಅಂದ್ರೆ ಸರ್ಜರಿ ಆದ್ಮೇಲೆ ಡಯಟ್ ಮುಗಿಯಲ್ಲ, ಇನ್ನೂ ಕಟ್ಟುನಿಟ್ಟಾಗತ್ತೆ. ಮೊದಲ ಎರಡು ವಾರ ಬರೀ ನೀರು ಪದಾರ್ಥ, ಬೇಳೆ ಕಟ್ಟು, ತೆಳು ಮಜ್ಜಿಗೆ, ಪ್ರೋಟೀನ್ ಪೌಡರ್ ಕಲಸಿದ ಹಾಲು, ಅದೂ ಗುಟುಕು ಗುಟುಕಾಗಿ. ಆಮೇಲೆ ಅರೆದಿದ್ದು, ಆಮೇಲೆ ಮೆತ್ತಗಿಂದು, ಸುಮಾರು ಆರು ವಾರಕ್ಕೆ ಮಾಮೂಲಿ ಊಟ, ಒಂದು ಇಡ್ಲಿ ತಿನ್ನೋಕೆ ಇಪ್ಪತ್ತು ನಿಮಿಷ. ಹಳೇ ಮೈಸೂರು ಕಡೆಯವರಿಗೆ ನಾನು ಜಾಸ್ತಿ ಹೊತ್ತು ಹೇಳೋದು ಮುದ್ದೆ ವಿಷಯ. ಮುದ್ದೆನ ಯಾರೂ ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗ್ತಾರೆ, ಹುಟ್ಟಿದಾಗಿಂದ ಬಂದ ಅಭ್ಯಾಸ. ಹೊಸ ಹೊಟ್ಟೆಗೆ ಹಂಗೆ ನುಂಗಿದ ತುತ್ತು ಹೋಗಿ ಸಿಕ್ಕಾಕೊಳ್ಳತ್ತೆ, ಎದೆ ಹಿಡ್ಕೊಂಡು, ಬಾಯಲ್ಲಿ ನೀರು ಸುರಿದು, ವಾಂತಿ ಆಗೋವರೆಗೆ ಬಿಡಲ್ಲ. ರಾಗಿ ಬೇಡ ಅಂತಲ್ಲ, ಮೊದಲ ತಿಂಗಳುಗಳಲ್ಲಿ ಗಂಜಿಯಾಗಿ, ಆಮೇಲೆ ತೆಳು ದೋಸೆಯಾಗಿ ತಿನ್ನಿ, ಮುದ್ದೆಗೆ ಮಾತ್ರ ಆತುರ ಬೇಡ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ, ಸಸ್ಯಾಹಾರಿಗಳಿಗೆ ಇದು ನಿಜವಾಗ್ಲೂ ಕಷ್ಟ. ನಾನು ಹೇಳೋದು, ಸಾರಿನ ತಿಳಿ ಬಿಟ್ಟುಬಿಡಿ, ತಳದಲ್ಲಿ ಕೂತಿರೋ ಬೇಳೆ ಎತ್ತಿ ಹಾಕ್ಕೊಳಿ, ಮೊದಲು ಕಾಳು, ಪನೀರು, ಮೊಸರು ತಿಂದು ಜಾಗ ಉಳಿದ್ರೆ ಅನ್ನ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಅಂತರ ಇರ್ಲಿ. ಬೈಪಾಸ್ ಆದವರು ಮದುವೆ ಮನೆಯಲ್ಲಿ ಪಾಯಸ, ಹೋಳಿಗೆ ಹುಷಾರು, ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದ್ರೆ ಬೆವರು, ಎದೆ ಬಡಿತ, ತಲೆ ಸುತ್ತು, ಬೇಧಿ ಎಲ್ಲ ಒಟ್ಟಿಗೆ ಬರಬಹುದು, ಬಡಿಸೋರು ಎಷ್ಟು ಪ್ರೀತಿಯಿಂದ ಬಲವಂತ ಮಾಡಿದ್ರೂ ಎಲೆ ಮೇಲೆ ಕೈ ಅಡ್ಡ ಇಡಿ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಎರಡನೇ ವರ್ಷ ಚೆನ್ನಾಗಿದೀನಿ ಅಂತ ಬಿಡೋರು ಜಾಸ್ತಿ, ಬಿ12 ಕೊರತೆ ತಕ್ಷಣ ಗೊತ್ತಾಗಲ್ಲ, ಕಾಲು ಜೋಮು ಹಿಡಿಯೋಕೆ ಶುರುವಾದಾಗ ನರಕ್ಕೆ ಪೆಟ್ಟು ಬಿದ್ದಿರತ್ತೆ. ಇನ್ನು ದಿನಗಟ್ಟಲೆ ವಾಂತಿ ನಿಲ್ತಿಲ್ಲ ಅಂದ್ರೆ ಮನೇಲಿ ಕೂರಬೇಡಿ, ಬಿ1 ಕಮ್ಮಿ ಆಗಿ ಮೆದುಳಿಗೇ ತೊಂದ್ರೆ ಆಗತ್ತೆ. ಮೂರನೇ ತಿಂಗಳ ಆಸುಪಾಸು ಕೂದಲು ಉದುರತ್ತೆ, ಹೆಣ್ಮಕ್ಕಳು ತುಂಬಾ ಹೆದರ್ತಾರೆ, ಪ್ರೋಟೀನ್, ಕಬ್ಬಿಣ ಸರಿ ಇದ್ರೆ ವಾಪಸ್ ಬರತ್ತೆ. ತೂಕ ವೇಗವಾಗಿ ಇಳಿಯೋವಾಗ ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ಸ್ಲೀವ್ ಆದ ಕೆಲವರಿಗೆ ಎದೆಯುರಿ ಜಾಸ್ತಿ ಆಗತ್ತೆ, ಮೊದಲೇ ಜೋರಾಗಿ ಇದ್ರೆ ಸರ್ಜನ್‌ಗೆ ಹೇಳಲೇಬೇಕು. ಕುಡಿಯೋ ಅಭ್ಯಾಸ ಇರೋರಿಗೆ ನಶೆ ಬೇಗ ಏರತ್ತೆ, ಚಟಕ್ಕೆ ತಿರುಗೋ ಅಪಾಯ ಜಾಸ್ತಿ. ಮಗು ಬೇಕು ಅನ್ನೋರು ಒಂದರಿಂದ ಒಂದೂವರೆ ವರ್ಷ ಕಾಯ್ಬೇಕು. ಪ್ರಾಣಾಪಾಯ ಎಷ್ಟು ಅಂತ ಕೇಳೋಕೆ ಸಂಕೋಚ ಪಡ್ತಾರೆ, ಕೇಳಿ. 2009ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆಗಿ 30 ದಿನದಲ್ಲಿ ತೀರಿಕೊಂಡವರು ಸಾವಿರಕ್ಕೆ ಮೂರು ಜನ.

ಹಂಗಾದ್ರೆ ಯಾರಿಗೆ? 2022ರಲ್ಲಿ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಟನೆಗಳು ಹೊಸ ಮಾರ್ಗಸೂಚಿ ಕೊಟ್ರು, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡೋ ಲೆಕ್ಕ) 35 ದಾಟಿದ್ರೆ ಬೇರೆ ಕಾಯಿಲೆ ಇರ್ಲಿ ಬಿಡ್ಲಿ ಸರ್ಜರಿ ಸೂಚಿಸಬಹುದು, ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತ, ಯಾಕಂದ್ರೆ ಕಮ್ಮಿ ತೂಕಕ್ಕೇ ನಮಗೆ ಹೊಟ್ಟೆ ಸುತ್ತ ಕೊಬ್ಬು, ಶುಗರ್ ಬರತ್ತೆ. 160 ಸೆಂಟಿಮೀಟರ್ ಎತ್ತರ ಇರೋರಿಗೆ 27.5 ಅಂದ್ರೆ 70 ಕೆಜಿ, 35 ಅಂದ್ರೆ 90 ಕೆಜಿ ಹತ್ರ. 70 ಕೆಜಿ ಇರೋ, ಶುಗರ್ ಈಗಷ್ಟೇ ಬಂದಿರೋ ಒಬ್ಬರನ್ನ ನಾನು ನೇರ ಆಪರೇಷನ್‌ಗೆ ಕಳ್ಸಲ್ಲ, ಊಟ, ನಡಿಗೆ, ಬೇಕಾದ್ರೆ ಔಷಧಿ, ಇದನ್ನ ಪ್ರಾಮಾಣಿಕವಾಗಿ ಒಂದು ವರ್ಷ ಮಾಡೋಣ ಅಂತೀನಿ. 110 ಕೆಜಿ ಇದ್ದು, ರಾತ್ರಿ ಉಸಿರು ನಿಂತು ನಿಂತು ಎಚ್ಚರ ಆಗ್ತಾ, ಇನ್ಸುಲಿನ್ ಏರಿಸ್ತಾನೇ ಇರೋರಿಗೆ "ಇನ್ನೊಂದು ಡಯಟ್ ನೋಡಿ" ಅಂತ ಹೇಳ್ತಾ ಮೂರು ವರ್ಷ ಕಳೆಯೋದು ಅನ್ಯಾಯ. ಇನ್ಶೂರೆನ್ಸ್ ಗೆರೆ ಮಾತ್ರ ಇನ್ನೂ ಮೇಲಿದೆ, ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40, ಇಲ್ಲಾ 35 ಜೊತೆಗೆ ಹೃದಯದ ಕಾಯಿಲೆ, ಜೋರಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲೋದು), ಹತೋಟಿಗೆ ಬರದ ಶುಗರ್ ಥರದ್ದು ಇರ್ಬೇಕು, ಬೇರೆ ವಿಧಾನ ಮಾಡಿ ಫಲ ಸಿಕ್ಕಿಲ್ಲ ಅಂತಲೂ ತೋರಿಸ್ಬೇಕು. ಆದ್ದರಿಂದ ಹಳೇ ಡಯಟ್ ಚಾರ್ಟ್, ರಿಪೋರ್ಟ್, ಬಿಲ್ಲು ಯಾವುದನ್ನೂ ಬಿಸಾಡಬೇಡಿ.

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆನೂ ಈಗ ದಿನಾ ಕೇಳ್ತಾರೆ, ಮೌಂಜಾರೋ, ವೆಗೋವಿ ಎರಡೂ 2025ರಲ್ಲಿ ಭಾರತಕ್ಕೆ ಬಂದ್ವು. ಒಳ್ಳೇ ಔಷಧಿಗಳೇ, ಸರ್ಜರಿ ಬೇಡ ಅನ್ನೋರಿಗೆ, ಸರ್ಜರಿಗೆ ಮುಂಚೆ, ಸರ್ಜರಿ ಆಗಿ ತೂಕ ಏರಿದವರಿಗೆ ಕೂಡ ಡಾಕ್ಟರ್‌ಗಳು ಕೊಡ್ತಿದಾರೆ. ಆದ್ರೆ ನಿಲ್ಲಿಸಿದ್ರೆ? ವೆಗೋವಿಯ ಔಷಧಿ ನಿಲ್ಲಿಸಿದವರನ್ನ ಒಂದು ವರ್ಷ ನೋಡಿದಾಗ ಇಳಿದಿದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು, ಮೇಲೆ ಹೇಳಿದ ಅದೇ ಹಸಿವು. ಎಷ್ಟು ವರ್ಷ ಖರ್ಚು ತೂಗಿಸ್ತೀರಿ ಅಂತ ಮೊದಲೇ ಲೆಕ್ಕ ಹಾಕಿ.

ಸರ್ಜರಿ ಅಂತ ತೀರ್ಮಾನ ಮಾಡಿದವರು ಸಹಿ ಹಾಕೋ ಮುಂಚೆ ಆಸ್ಪತ್ರೆಯಲ್ಲಿ ಪ್ಯಾಕೇಜ್ ರೇಟ್ ಕೇಳ್ತಾರೆ, ಎಷ್ಟು ಕೆಜಿ ಇಳಿಯತ್ತೆ ಕೇಳ್ತಾರೆ. ನನ್ನ ಪ್ರಕಾರ ಕೇಳಬೇಕಾಗಿದ್ದು ಬೇರೆ. ಐದನೇ ವರ್ಷದಲ್ಲಿ ನನ್ನ ಯಾರು ನೋಡ್ತಾರೆ, ಡಯಟೀಷಿಯನ್ ಇಲ್ಲೇ ಇರ್ತಾರಾ ಅಥವಾ ಆಪರೇಷನ್ ದಿನಕ್ಕೆ ಮಾತ್ರ ಬರ್ತಾರಾ, ವರ್ಷಕ್ಕೊಮ್ಮೆ ಬಿ12, ಕಬ್ಬಿಣ, ವಿಟಮಿನ್ ಡಿ ಟೆಸ್ಟ್ ಮಾಡಿಸೋಕೆ ಯಾರು ಫೋನ್ ಮಾಡ್ತಾರೆ, ರಾಯಚೂರಿಂದ ಇಲ್ಲಾ ಕಾರವಾರದಿಂದ ಪ್ರತಿ ಸಲ ಬರೋಕಾಗಲ್ಲ ಅಂದ್ರೆ ವಿಡಿಯೋ ಕಾಲಲ್ಲಿ ನೋಡ್ತಾರಾ. ಉತ್ತರ ಕೊಡೋಕೆ ತಡವರಿಸಿದ್ರೆ ಇನ್ನೊಂದು ಆಸ್ಪತ್ರೆಯಲ್ಲೂ ವಿಚಾರಿಸಿ, ಮತ್ತೆ ಹೋಗುವಾಗ ಮನೇಲಿ ಅಡುಗೆ ಮಾಡೋರನ್ನ ಜೊತೆಗೆ ಕರ್ಕೊಂಡು ಹೋಗಿ.