ಯೇಸು ಬುದ್ಧನಿಂದ ಕಲಿತನೇ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಯೇಸು ಹನ್ನೆರಡರಿಂದ ಮೂವತ್ತರ ವಯಸ್ಸಿನ ತನಕ ಭಾರತದಲ್ಲಿದ್ದ, ಇಲ್ಲಿನ ಬೌದ್ಧ ಭಿಕ್ಷುಗಳ ಹತ್ತಿರ ಕಲಿತು ವಾಪಸ್ ಹೋಗಿ ಬೋಧಿಸಿದ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಇಬ್ಬರ ಮಾತುಗಳೂ ಅಷ್ಟೊಂದು ಹೋಲುತ್ತವಲ್ಲ, ನಿಜ ಇರಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಯೇಸು ಭಾರತಕ್ಕೆ ಬಂದಿದ್ದ ಅನ್ನುವುದಕ್ಕೆ ಗಟ್ಟಿಯಾದ ಆಧಾರ ಒಂದೂ ಇಲ್ಲ. ಹಾಗಂತ ಬೌದ್ಧರಿಗೂ ಕ್ರೈಸ್ತರಿಗೂ ಹಳೇ ನಂಟೇ ಇರಲಿಲ್ಲ ಅಂತಲೂ ಅಲ್ಲ. ನಂಟು ಇತ್ತು. ಅದಕ್ಕೆ ಕಲ್ಲು, ನಾಣ್ಯ, ಕೈಬರಹಗಳ ಸಾಕ್ಷಿ ಇದೆ. ಆದರೆ ಜನ ಅದನ್ನು ಯೇಸುವಿನ ಹದಿಹರೆಯದಲ್ಲಿ ಹುಡುಕುತ್ತಾರೆ, ಅದು ಸಿಗುವುದು ಅಲ್ಲಲ್ಲ.

ಮೊದಲು ಆ ಹದಿನೆಂಟು ವರ್ಷಗಳ ವಿಷಯ ಮುಗಿಸೋಣ. ಈ ಕಥೆಯನ್ನು ಜಗತ್ತಿಗೆಲ್ಲ ಹರಡಿದವನು ರಷ್ಯಾದ ನಿಕೊಲಾಸ್ ನೋಟೊವಿಚ್. 1894ರಲ್ಲಿ ಫ್ರೆಂಚಿನಲ್ಲಿ ಪುಸ್ತಕ ಪ್ರಕಟಿಸಿ, ಲಡಾಖಿನ ಹೆಮಿಸ್ ಮಠದಲ್ಲಿ 'ಈಸಾ' ಎಂಬ ಸಂತನ ಜೀವನಚರಿತ್ರೆಯ ಹಸ್ತಪ್ರತಿ ಓದಿಸಿಕೊಂಡೆ, ಆ ಈಸಾನೇ ಯೇಸು ಅಂತ ಬರೆದ. ಸಂಸ್ಕೃತ ವಿದ್ವಾಂಸ ಮಾಕ್ಸ್ ಮುಲ್ಲರ್ ಅದೇ ವರ್ಷ ಅನುಮಾನ ಎತ್ತಿದರು. ಮರುವರ್ಷ ಆಗ್ರಾದ ಕಾಲೇಜೊಂದರ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ ಹೆಮಿಸ್‌ಗೇ ಹೋಗಿ ಅಲ್ಲಿನ ಮುಖ್ಯ ಲಾಮಾರನ್ನು ಕೇಳಿದರು. ಅಂಥ ಗ್ರಂಥ ನಮ್ಮಲ್ಲಿ ಇಲ್ಲವೇ ಇಲ್ಲ ಅಂದುಬಿಟ್ಟರು ಲಾಮಾ. ಆಮೇಲೆ 1922ರಲ್ಲಿ ರಾಮಕೃಷ್ಣರ ಶಿಷ್ಯ ಸ್ವಾಮಿ ಅಭೇದಾನಂದರು ತಾವು ಅದನ್ನು ನೋಡಿದ್ದಾಗಿ ಹೇಳಿದ್ದುಂಟು. ಆದರೆ ವಿದ್ವಾಂಸರು ಕೈಯಲ್ಲಿ ಹಿಡಿದು ಪರೀಕ್ಷಿಸುವಂಥ ಒಂದು ಹಾಳೆಯೂ ಇವತ್ತಿನ ತನಕ ಹೊರಗೆ ಬಂದಿಲ್ಲ.

ಯೇಸುವಿನ ಜೀವನ ಹೇಳುವ ಬೈಬಲ್ಲಿನ ಸುವಾರ್ತೆಗಳಲ್ಲೇ ಇರುವ ಒಂದು ಮಾತನ್ನೂ ಇಲ್ಲಿ ನೆನೆಯಬೇಕು. ಯೇಸು ತನ್ನೂರಿನ ಸಭಾಮಂದಿರದಲ್ಲಿ ಬೋಧಿಸಿದಾಗ ಜನ ಬೆರಗಾಗಿ, ಇವನು ಆ ಬಡಗಿ ಅಲ್ಲವೇ, ಮರಿಯಳ ಮಗನಲ್ಲವೇ, ಇವನ ತಂಗಿಯರು ಇಲ್ಲೇ ನಮ್ಮ ನಡುವೆ ಇಲ್ಲವೇ ಎಂದು ಕೇಳುತ್ತಾರೆ. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ತೆಗೆದು ನೋಡಿ. ಹದಿನೆಂಟು ವರ್ಷ ಪರದೇಶದಲ್ಲಿದ್ದು ಬಂದವನನ್ನು ಕಂಡು ಊರವರು ಹೀಗೆ ಮಾತಾಡುತ್ತಾರಾ? ಎಲ್ಲಿಗೆ ಹೋಗಿದ್ದೆ, ಏನು ಕಲಿತು ಬಂದೆ ಅಂತ ಕೇಳಬೇಕಿತ್ತಲ್ವಾ? ಅವರ ಆಶ್ಚರ್ಯವೆಲ್ಲ, ನಮ್ಮ ಕಣ್ಣೆದುರೇ ಬೆಳೆದ ಹುಡುಗನಿಗೆ ಇದೆಲ್ಲ ಎಲ್ಲಿಂದ ಬಂತು ಅನ್ನೋದು.

ಇನ್ನು ಶ್ರೀನಗರದ ರೋಜಾಬಲ್ ಸಮಾಧಿ. ಅದು ಯೇಸುವಿನದ್ದು ಅಂತ ವಾದಿಸಿದವರು ಅಹ್ಮದಿಯಾ ಪಂಥದ ಸ್ಥಾಪಕ ಮಿರ್ಜಾ ಗುಲಾಂ ಅಹ್ಮದ್, 19ನೇ ಶತಮಾನದ ಕೊನೆಯಲ್ಲಿ. ಅಲ್ಲಿ ಮಲಗಿರುವ ಸಂತನಿಗೆ ಸ್ಥಳೀಯರು ಕರೆಯುವ ಹೆಸರು ಯೂಜ್ ಆಸಫ್. ಈ ಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ಯೇಸು ಸಿಗುವುದಿಲ್ಲ, ಬುದ್ಧ ಸಿಗುತ್ತಾನೆ!

ಹೇಗೆ ಅಂತೀರಾ? ಬುದ್ಧನ ಜೀವನದ ಕಥೆ ಭಾರತದಿಂದ ಪರ್ಷಿಯಾ ಕಡೆಗೆ ಹೋಗಿ, 8ನೇ ಶತಮಾನದ ಹೊತ್ತಿಗೆ ಅರಬ್ಬಿಗೆ ಬಂತು. ಅಲ್ಲಿ ರಾಜಕುಮಾರನ ಹೆಸರು ಬೂದಾಸಫ್, ಅಂದರೆ ನಮ್ಮ ಬೋಧಿಸತ್ವ. ಅರಬ್ಬಿ ಲಿಪಿಯಲ್ಲಿ ಪದದ ಮೊದಲಲ್ಲಿ ಬರುವ 'ಬ'ಗೆ ಕೆಳಗೆ ಒಂದು ಚುಕ್ಕೆ, 'ಯ'ಗೆ ಎರಡು ಚುಕ್ಕೆ, ಉಳಿದ ಆಕಾರ ಒಂದೇ. ನಕಲು ಮಾಡುವಾಗ ಒಂದು ಚುಕ್ಕೆ ಹೆಚ್ಚಾಯಿತು, ಬೂದಾಸಫ್ ಹೋಗಿ ಯೂದಾಸಫ್ ಆದ. ಒಂದು ಕವಲು ಯೂಜ್ ಆಸಫ್ ಆಯಿತು. ಇನ್ನೊಂದು ಜಾರ್ಜಿಯಾದ ಕ್ರೈಸ್ತ ಸನ್ಯಾಸಿಗಳ ಕೈಗೆ ಸಿಕ್ಕಿ ಯೋದಾಸಫ್, ಅಲ್ಲಿಂದ ಗ್ರೀಕಿಗೆ ಹೋಗಿ ಯೋಆಸಫ್, 11ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಬಂದು ಜೋಸಫಾತ್ ಆಯಿತು.

ಕ್ರೈಸ್ತರ ಕೈಯಲ್ಲಿ ಕಥೆ ಹೀಗಾಯಿತು: ಭಾರತದ ರಾಜ ಅಬೆನ್ನೆರ್. ಮಗ ಹುಟ್ಟಿದಾಗ, ಇವನು ರಾಜ್ಯ ಬಿಟ್ಟು ಕ್ರೈಸ್ತನಾಗುತ್ತಾನೆ ಅಂತ ಜೋಯಿಸ ಹೇಳುತ್ತಾನೆ. ದುಃಖದ ಸುಳಿವೇ ತಾಕದಂತೆ ಅಪ್ಪ ಮಗನನ್ನು ಅರಮನೆಯೊಳಗೆ ಬೆಳೆಸುತ್ತಾನೆ. ಹುಡುಗ ಹೊರಗೆ ಹೋಗಿ ರೋಗಿಯನ್ನು, ಕುರುಡನನ್ನು, ಹಣ್ಣು ಹಣ್ಣು ಮುದುಕನನ್ನು ನೋಡುತ್ತಾನೆ. ಆಮೇಲೆ ಬರ್ಲಾಮ್ ಎಂಬ ಸನ್ಯಾಸಿ ಬಂದು ಅವನಿಗೆ ಕ್ರಿಸ್ತನನ್ನು ಪರಿಚಯಿಸುತ್ತಾನೆ. ಮಧ್ಯಯುಗದ ಯುರೋಪು ಇದನ್ನು ಎಷ್ಟು ಮೆಚ್ಚಿತು ಅಂದರೆ, ಜೋಸಫಾತ್ ಸಂತನಾಗಿಬಿಟ್ಟ. ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ನವೆಂಬರ್ 27 ಅವನ ದಿನವಾಯಿತು. ಹೀಗೆ ಸಿದ್ಧಾರ್ಥ ಗೌತಮನನ್ನು ಅವನೇ ಅಂತ ತಿಳಿಯದೆ ಶತಮಾನಗಳ ಕಾಲ ಕ್ರೈಸ್ತರು ಭಕ್ತಿಯಿಂದ ನೆನೆದರು. ಗೋವಾದಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದೊ ಕೌಟೊ 17ನೇ ಶತಮಾನದ ಆರಂಭದಲ್ಲೇ ಈ ಹೋಲಿಕೆ ಗಮನಿಸಿದ್ದ. ಯುರೋಪಿನ ವಿದ್ವಾಂಸರು ಅದನ್ನು ಸಾಬೀತು ಮಾಡಿ ತೋರಿಸಿದ್ದು 1859-60ರಲ್ಲಿ.

ಇದೇ ಬರ್ಲಾಮ್-ಜೋಸಫಾತ್ ಕಥೆಯೊಳಗಿರುವ ಒಂದು ದೃಷ್ಟಾಂತ ನಿಮಗೆ ಗೊತ್ತಿರಬಹುದು. ಆನೆ ಅಟ್ಟಿಸಿಕೊಂಡು ಬರುತ್ತದೆ, ಓಡಿದವನು ಬಾವಿಗೆ ಬಿದ್ದು ನಡುವೆ ನೇತಾಡುತ್ತಾನೆ, ಕೆಳಗೆ ಹಾವು ಬಾಯಿ ತೆರೆದು ಕಾಯುತ್ತಿದೆ, ಹಿಡಿದ ಆಸರೆಯನ್ನು ಕಪ್ಪು ಬಿಳಿ ಇಲಿಗಳು ಕಡಿಯುತ್ತಿವೆ, ಅವನು ಮಾತ್ರ ಮೇಲಿಂದ ತೊಟ್ಟಿಕ್ಕುವ ಜೇನಿಗೆ ನಾಲಗೆ ಚಾಚಿದ್ದಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಇದನ್ನು ಹೇಳುತ್ತಾನೆ. ಜೈನರಿಗೆ ಇದು ಮಧುಬಿಂದು ದೃಷ್ಟಾಂತ. ಬೌದ್ಧರಲ್ಲೂ ಇದೆ. ಇಟಲಿಯ ಪಾರ್ಮಾ ಊರಿನಲ್ಲಿ 1196ರಲ್ಲಿ ಕಟ್ಟಲು ಶುರು ಮಾಡಿದ ದೀಕ್ಷಾಸ್ನಾನದ ಮಂದಿರವೊಂದಿದೆ. ಅದರ ದಕ್ಷಿಣದ ಬಾಗಿಲ ಮೇಲಿನ ಕಮಾನಿನೊಳಗೆ, ಶಿಲ್ಪಿ ಬೆನೆದೆತ್ತೊ ಅಂತೆಲಾಮಿ ಇದೇ ಕಥೆ ಕೆತ್ತಿದ್ದಾನೆ. ಮರದಲ್ಲಿ ಕೂತವನು ಜೇನು ತಿನ್ನುತ್ತಿದ್ದಾನೆ, ಬುಡವನ್ನು ಎರಡು ಪ್ರಾಣಿಗಳು ಕಡಿಯುತ್ತಿವೆ, ಕೆಳಗೆ ಬೆಂಕಿ ಉಗುಳುವ ಡ್ರ್ಯಾಗನ್. ಆನೆ ಮಾತ್ರ ಗ್ರೀಕಿಗೆ ಹೋದಾಗಲೇ ಒಂಟಿಕೊಂಬಿನ ಕುದುರೆಯಾಗಿತ್ತು. ನಂಟು ಬೇಕು ಅನ್ನುವವರಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಸರಿ, ಇದೆಲ್ಲ ಯೇಸುವಾಗಿ ನೂರಾರು ವರ್ಷದ ಮೇಲಿನ ಮಾತು. ಅವನ ಕಾಲಕ್ಕೇ ಬೌದ್ಧ ವಿಚಾರ ಅಲ್ಲಿಗೆ ತಲುಪಿರಬಹುದಾ ಅನ್ನುವುದು ನಿಮ್ಮ ನಿಜವಾದ ಪ್ರಶ್ನೆ.

ದಾರಿಯಂತೂ ಇತ್ತು. ಅಶೋಕ ತನ್ನ 13ನೇ ಬಂಡೆ ಶಾಸನದಲ್ಲಿ ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ ಮುಂತಾದ ಐವರು ಯವನ (ಗ್ರೀಕ್) ರಾಜರ ಹೆಸರು ಹೇಳಿ, ಅಲ್ಲೆಲ್ಲ ಧಮ್ಮ ಹಬ್ಬಿದೆ ಅನ್ನುತ್ತಾನೆ. ಅವನ 12ನೇ ಶಾಸನ, ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ತೆಗಳುವವನು ತನ್ನದಕ್ಕೇ ಹಾನಿ ಮಾಡಿಕೊಳ್ಳುತ್ತಾನೆ ಎನ್ನುವ ಶಾಸನ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಪ್ರಾಕೃತದಲ್ಲಿದೆ. ಅದರದ್ದೇ ಒಂದು ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ಸಿಕ್ಕಿದೆ. ಅದೇ ಕಂದಹಾರದಲ್ಲಿ ಅರಮೇಯಿಕ್ ಭಾಷೆಯಲ್ಲೂ ಅಶೋಕನ ಮಾತಿದೆ. ಯೇಸು ಆಡುತ್ತಿದ್ದುದು ಆ ಭಾಷೆಯದ್ದೇ ಒಂದು ರೂಪ.

ವ್ಯಾಪಾರವೂ ಜೋರಾಗಿತ್ತು. ಕೆಂಪು ಸಮುದ್ರದ ಬಂದರಿನಿಂದ ವರ್ಷಕ್ಕೆ 120ರಷ್ಟು ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವು ಅಂತ ಯೇಸುವಿನ ಕಾಲದವನೇ ಆದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. 1891ರಲ್ಲಿ ನಮ್ಮ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವಲ್ಲ, ಅವುಗಳಲ್ಲಿ ತಿಬೇರಿಯಸ್ ಚಕ್ರವರ್ತಿಯವೂ ಇವೆ. ಯೇಸುವನ್ನು ಶಿಲುಬೆಗೆ ಹಾಕಿದ್ದು ಇದೇ ತಿಬೇರಿಯಸ್ ಆಳ್ವಿಕೆಯಲ್ಲಿ. 'ಕೈಸರನದನ್ನು ಕೈಸರನಿಗೆ ಕೊಡಿರಿ' ಅಂದಾಗ ಯೇಸು ಕೇಳಿ ತರಿಸಿದ ನಾಣ್ಯ ಇಂಥದ್ದೇ ಇರಬೇಕು ಅಂತ ಬಹಳ ಮಂದಿ ಹೇಳುತ್ತಾರೆ. ಇನ್ನು ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ 2022ರಲ್ಲಿ ಅಮೃತಶಿಲೆಯ ಬುದ್ಧನ ವಿಗ್ರಹವೇ ಸಿಕ್ಕಿತು, 2ನೇ ಶತಮಾನದ್ದು.

ಆದರೆ ದಾರಿ ಇತ್ತು ಅಂದ ಮಾತ್ರಕ್ಕೆ ಬೋಧನೆ ಆ ದಾರಿಯಲ್ಲೇ ಹೋಯಿತು ಅಂತ ಆಗುವುದಿಲ್ಲ. ಮಾತುಗಳನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದನ್ನೇ ತೆಗೆದುಕೊಳ್ಳುತ್ತೇನೆ.

ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಒಬ್ಬ ಭಿಕ್ಷು ಬರುತ್ತಾನೆ. ಹೊಟ್ಟೆ ಕೆಟ್ಟು, ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ, ನೋಡಿಕೊಳ್ಳುವವರಿಲ್ಲ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ. ಬುದ್ಧ ನೀರು ಹಾಕುತ್ತಾನೆ, ಆನಂದ ಮೈ ತೊಳೆಯುತ್ತಾನೆ. ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಉಳಿದ ಭಿಕ್ಷುಗಳನ್ನು ಕರೆದು ಬುದ್ಧ ಹೇಳುತ್ತಾನೆ: ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯೂ ಇಲ್ಲ ತಂದೆಯೂ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ? ನನ್ನ ಸೇವೆ ಮಾಡಬೇಕು ಅನ್ನುವವನು ರೋಗಿಯ ಸೇವೆ ಮಾಡಲಿ.

ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು, ನಾನು ಹಸಿದಿದ್ದೆ, ಊಟ ಕೊಟ್ಟಿರಿ, ರೋಗದಲ್ಲಿದ್ದೆ, ನೋಡಲು ಬಂದಿರಿ ಅನ್ನುತ್ತಾನೆ. ಇಂಥ ಅಲ್ಪರಲ್ಲಿ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅನ್ನುತ್ತಾನೆ. ಎರಡನ್ನೂ ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೂ ಇದನ್ನು ಹೇಳಲು ಯೇಸುವಿಗೆ ಭಾರತ ಬೇಕಿರಲಿಲ್ಲ. ಬಡವನಿಗೆ ದಯೆ ತೋರಿದವನು ದೇವರಿಗೇ ಸಾಲ ಕೊಟ್ಟ ಹಾಗೆ ಅಂತ ಯೆಹೂದ್ಯರ ಜ್ಞಾನೋಕ್ತಿಗಳಲ್ಲೇ ಇದೆ. ಹಸಿದವನಿಗೆ ಅನ್ನ, ಬತ್ತಲೆ ಇದ್ದವನಿಗೆ ಬಟ್ಟೆ ಅನ್ನೋದು ಪ್ರವಾದಿ ಯೆಶಾಯನ ಮಾತು. ಯೇಸು ಇವನ್ನು ಕೇಳುತ್ತಲೇ ಬೆಳೆದವನು.

ಆಸೆ ತೋರಿಸಿ ಕೆಡಿಸುವ ಮಾರ ಬುದ್ಧನನ್ನು ಕಾಡಿದ್ದು, ಸೈತಾನ ಯೇಸುವನ್ನು ಕಾಡಿದ್ದು, ಈ ಹೋಲಿಕೆಯದ್ದೂ ಅದೇ ಕಥೆ. ಸೈತಾನನಿಗೆ ಯೇಸು ಕೊಡುವ ಮೂರೂ ಉತ್ತರಗಳು ಯೆಹೂದ್ಯರ ಧರ್ಮೋಪದೇಶಕಾಂಡ ಎಂಬ ಗ್ರಂಥದಿಂದ ಎತ್ತಿದ ಮಾತುಗಳೇ. ಮೂಲ ಇಷ್ಟು ಸ್ಪಷ್ಟವಾಗಿ ಮನೆಯಲ್ಲೇ ಸಿಗುವಾಗ ಸಾವಿರಾರು ಮೈಲಿ ದೂರ ಯಾಕೆ ಹೋಗಬೇಕು? ಇನ್ನು ದೇವರು, ಆತ್ಮ, ಮರುಹುಟ್ಟು ಈ ಬುಡದ ವಿಷಯಗಳಲ್ಲಂತೂ ಇಬ್ಬರ ದಾರಿ ಬೇರೆ ಬೇರೆ.

ಕಾಲದ ಲೆಕ್ಕವೂ ಮುಖ್ಯ. ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆದು, ಭಯಪಟ್ಟು ಮುಳುಗತೊಡಗಿದ ಕಥೆ ಗೊತ್ತಲ್ಲ? ಬುದ್ಧನ ಹಿಂದಿನ ಜನ್ಮಗಳ ಕಥೆಗಳಾದ ಜಾತಕಗಳಲ್ಲೂ ಒಬ್ಬ ಉಪಾಸಕ ಬುದ್ಧನ ಧ್ಯಾನದಲ್ಲಿ ಅಚಿರವತಿ ನದಿಯ ಮೇಲೆ ನಡೆಯುತ್ತಾನೆ, ನಡುವೆ ಅಲೆ ನೋಡಿ ಧ್ಯಾನ ತಪ್ಪಿದಾಗ ಕಾಲು ಮುಳುಗುತ್ತದೆ. ನೋಡಿದ ತಕ್ಷಣ ನಮ್ಮದೇ ಹಳೆಯದು ಅನ್ನಿಸುತ್ತದೆ. ಆದರೆ ಈ ಕಥೆ ಇರುವ ಜಾತಕದ ವ್ಯಾಖ್ಯಾನ ಈಗಿನ ರೂಪಕ್ಕೆ ಬಂದದ್ದು ಸುಮಾರು 5ನೇ ಶತಮಾನದಲ್ಲಿ, ಶ್ರೀಲಂಕಾದಲ್ಲಿ. ಸುವಾರ್ತೆಗಳು 1ನೇ ಶತಮಾನದವು. ಹಾಗಾಗಿ ಇಲ್ಲಿಂದಲೇ ಅಲ್ಲಿಗೆ ಹೋಯಿತು ಅಂತ ಪಟ್ಟು ಹಿಡಿಯುವುದು ಕಷ್ಟ. ತಪ್ಪಿಹೋದ ಮಗನ ಸಾಮ್ಯ ಲೂಕನಲ್ಲೂ ಇದೆ, ಮಹಾಯಾನ ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದಲ್ಲೂ ಇದೆ. ಲೂಕನಲ್ಲಿ ಅಪ್ಪ ಓಡಿ ಹೋಗಿ ಮಗನ ಕೊರಳಿಗೆ ಬಿದ್ದು ಮುತ್ತಿಡುತ್ತಾನೆ, ಅವತ್ತೇ ಔತಣ. ಸೂತ್ರದಲ್ಲಿ ಮಗ ಅಪ್ಪನನ್ನು ಗುರುತಿಸುವುದೇ ಇಲ್ಲ. ಅಪ್ಪ ಯಾರೆಂದು ಹೇಳಿಕೊಳ್ಳದೆ ಅವನಿಗೆ ಕಸ ಬಾಚುವ ಕೆಲಸ ಕೊಟ್ಟು, ಇಪ್ಪತ್ತು ವರ್ಷ ತಯಾರು ಮಾಡಿ, ಸಾಯುವ ಮುಂಚೆ ಆಸ್ತಿ ಒಪ್ಪಿಸುತ್ತಾನೆ. ಒಂದು ಕ್ಷಮೆಯ ಕಥೆ, ಇನ್ನೊಂದು ಉಪಾಯದ ಕಥೆ. ಯಾರೂ ಯಾರದ್ದನ್ನೂ ನಕಲು ಮಾಡಿದ ಹಾಗೆ ಕಾಣುವುದಿಲ್ಲ.

ಹೀಗಾಗಿ ಯೇಸುವಿನ ಬೋಧನೆ ಬೌದ್ಧರಿಂದ ಬಂತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳಿದರೆ ಭಾರತಕ್ಕೆ ಹಿರಿಮೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬುದ್ಧನ ದೊಡ್ಡತನಕ್ಕೆ ಇನ್ನೊಬ್ಬ ಅವನ ಶಿಷ್ಯನಾಗಿದ್ದ ಅನ್ನೋ ಸರ್ಟಿಫಿಕೇಟ್ ಬೇಡ. ಯೇಸುವಿನ ದೊಡ್ಡತನವೂ ಅಷ್ಟೇ. ನಮ್ಮ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನದ ಮೇಲೂ ಕಾವ್ಯ ಬರೆದವರು, ಇಬ್ಬರನ್ನೂ ಪ್ರೀತಿಸಲು ಅವರಿಗೆ ಇಂಥ ಕಥೆ ಬೇಕಾಗಲಿಲ್ಲ.

ಕ್ರೈಸ್ತರು ಬುದ್ಧನ ಹೆಸರು ಎತ್ತಿದ್ದು ಯಾವಾಗ ಅಂದರೆ, ಸುಮಾರು 200ರ ಹೊತ್ತಿಗೆ. ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಕ್ಲೆಮೆಂಟ್, ಭಾರತೀಯರಲ್ಲಿ ಕೆಲವರು 'ಬೌತ್ತ'ನ ಉಪದೇಶ ಪಾಲಿಸುತ್ತಾರೆ, ಅವನ ಪಾವನತೆಗಾಗಿ ಅವನನ್ನು ದೇವರಂತೆ ಗೌರವಿಸುತ್ತಾರೆ ಅಂತ ಬರೆದ. 3ನೇ ಶತಮಾನದಲ್ಲಿ ಪರ್ಷಿಯಾದ ಮಾನಿ ಎಂಬ ಧರ್ಮಸ್ಥಾಪಕ ಭಾರತದ ಕಡೆಗೆ ಬಂದು ಹೋಗಿ, ಬುದ್ಧ, ಜರತುಷ್ಟ್ರ, ಯೇಸು ಮೂವರನ್ನೂ ಒಂದೇ ಸಾಲಿನ ಪ್ರವಾದಿಗಳು ಅಂತ ಸಾರಿದ. ನಿಜವಾಗಿ ಎರಡನ್ನೂ ಬೆರೆಸಿದವರಲ್ಲಿ ಮೊದಲು ಹೆಸರಿಸಬೇಕಾದವನು ಇವನೇ.

ಎದುರುಬದುರು ಕೂತು ಕೆಲಸ ಮಾಡಿದ್ದಕ್ಕೂ ದಾಖಲೆ ಇದೆ, ಅದು ಚೀನಾದ್ದು. 8ನೇ ಶತಮಾನದ ಕೊನೆಯ ಭಾಗದಲ್ಲಿ ಛಾಂಗಾನ್ ನಗರದಲ್ಲಿ ಜಿಂಗ್‌ಜಿಂಗ್ ಎಂಬ ಕ್ರೈಸ್ತ ಪಾದ್ರಿಯೂ ಕಾಪಿಶದಿಂದ (ಈಗಿನ ಅಫ್ಘಾನಿಸ್ತಾನ) ಬಂದ ಪ್ರಜ್ಞ ಎಂಬ ಬೌದ್ಧ ಭಿಕ್ಷುವೂ ಸೇರಿ ಒಂದು ಬೌದ್ಧ ಸೂತ್ರವನ್ನು ಚೀನೀ ಭಾಷೆಗೆ ತಂದರು. ಪ್ರಜ್ಞನಿಗೆ ಆಗಿನ್ನೂ ಚೀನೀ ಬರುತ್ತಿರಲಿಲ್ಲ, ಜಿಂಗ್‌ಜಿಂಗ್‌ಗೆ ಸಂಸ್ಕೃತ ಬರುತ್ತಿರಲಿಲ್ಲ. ಚಕ್ರವರ್ತಿ ದೆಜೊಂಗ್ ಅನುವಾದ ನೋಡಿ ಒಪ್ಪಲಿಲ್ಲ, ನಿಮ್ಮ ನಿಮ್ಮ ಧರ್ಮದ ಗ್ರಂಥ ನೀವು ನೀವೇ ನೋಡಿಕೊಳ್ಳಿ ಅಂತ ಇಬ್ಬರನ್ನೂ ಬೇರೆ ಮಾಡಿದ. ಇದೇ ಜಿಂಗ್‌ಜಿಂಗ್ ಬರೆದ ಪಾಠವನ್ನು 781ರಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದರು. ಅದು ಈಗ ಶಿಆನ್ (ಅದೇ ಹಳೆಯ ಛಾಂಗಾನ್) ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ನೆತ್ತಿಯಲ್ಲಿ ಒಂದು ಶಿಲುಬೆ ಇದೆ, ಅದರ ಕೆಳಗೆ ತಾವರೆ ಹೂವು.