ಎಂಟನೆಯ ಹೆಸರು

ಇನ್ಸುಲಿನ್ ಎಂಬ ಪ್ರೋಟೀನ್ ಅಣುವಿನ ರಚನೆಯನ್ನು ತೆರೆದಿಟ್ಟ ಪ್ರಬಂಧ 1969ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಲೇಖಕರು ಹತ್ತು ಮಂದಿ. ಆ ಅಣುವಿನ ಬೆನ್ನು ಹತ್ತಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ, ಅಷ್ಟರಲ್ಲಾಗಲೇ ನೊಬೆಲ್ ಪಡೆದಿದ್ದ ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್ ಅವರ ಹೆಸರು ಎಂಟನೆಯದು. ಮೊದಲ ಐದೂ ಹೆಸರುಗಳು ಕಿರಿಯರವು. ಐದನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮುಗಿಸಿ ಹೋಗಿದ್ದ ಎಂ. ವಿಜಯನ್ ಅವರದು. ಹೆಸರುಗಳ ಈ ಸಾಲನ್ನು ನೋಡಿದಾಗಲೆಲ್ಲ ನನಗೆ ಹಾಡ್ಜ್‌ಕಿನ್ ಮೇಲಿನ ಗೌರವ ಹೆಚ್ಚುತ್ತದೆ.

ಆ ತಂಡಕ್ಕೆ ಕಂಡದ್ದೇನು? ಆರು ಇನ್ಸುಲಿನ್ ಅಣುಗಳು ಸತುವಿನ ಎರಡು ಅಯಾನುಗಳನ್ನು ನಡುವಿಟ್ಟುಕೊಂಡು ಒತ್ತಾಗಿ ಕೂಡಿದ್ದವು. ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಕೂಡಿಡುವುದೂ ಹೀಗೆಯೇ. ಆದರೆ ದೇಹದಲ್ಲಿ ಕೆಲಸ ಮಾಡುವುದು ಬಿಡಿ ಅಣು. ಚುಚ್ಚಿಕೊಂಡ ಇನ್ಸುಲಿನ್ ಚರ್ಮದಡಿ ಗುಂಪು ಒಡೆದುಕೊಂಡು ರಕ್ತ ಸೇರುವಷ್ಟರಲ್ಲಿ, ಊಟ ಮಾಡಿದವರ ಸಕ್ಕರೆ ಏರಿಬಿಟ್ಟಿರುತ್ತದೆ. ಅಣುಗಳು ಒಂದಕ್ಕೊಂದು ಆತುಕೊಳ್ಳುವ ಜಾಗ ತಿಳಿದ ಮೇಲೆ ಆ ಹಿಡಿತವನ್ನು ಸಡಿಲಿಸುವುದು ಸಾಧ್ಯವಾಯಿತು. 1996ರಲ್ಲಿ ಬಳಕೆಗೆ ಬಂದ ಲಿಸ್ಪ್ರೊ ಇನ್ಸುಲಿನ್‌ನಲ್ಲಿ ಅಣುವಿನ ಎರಡು ಸರಪಳಿಗಳಲ್ಲಿ ಒಂದಾದ ‘ಬಿ’ಯ 28 ಮತ್ತು 29ನೇ ಸ್ಥಾನದ ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳನ್ನು, ಅದಲುಬದಲು ಮಾಡಲಾಗಿದೆ. ಅಷ್ಟರಿಂದಲೇ ಅದು ಬೇಗ ಬಿಡಿಯಾಗಿ ಬೇಗ ರಕ್ತಕ್ಕಿಳಿಯುತ್ತದೆ.

ಇಂಥ ರಚನೆ ಬಿಡಿಸಲು ಮೊದಲು ಸ್ಫಟಿಕ ಬೇಕು. ಗಾಜಿನ ಚೂರಿಗೆ ಅಂಟಿಸಿದ ಪ್ರೋಟೀನ್ ದ್ರಾವಣದ ಹನಿಯೊಂದು ತಲೆಕೆಳಗಾಗಿ ತೂಗುತ್ತಾ ಮೆಲ್ಲಗೆ ನೀರು ಕಳೆದುಕೊಳ್ಳುತ್ತದೆ. ದಿನಗಳೋ ವಾರಗಳೋ ಕಳೆದ ಮೇಲೆ ಅದರಲ್ಲಿ ಮಿಲಿಮೀಟರಿಗೂ ಚಿಕ್ಕದಾದ ಹರಳು ಮೂಡಬಹುದು, ಮೂಡದೆಯೂ ಇರಬಹುದು. ಉಪ್ಪು ಎಷ್ಟು, ಉಷ್ಣತೆ ಎಷ್ಟು ಎಂಬುದಕ್ಕೆ ಸಿದ್ಧಸೂತ್ರವಿಲ್ಲ. ಹರಳು ಸಿಕ್ಕರೂ, ಎಕ್ಸ್-ಕಿರಣ ಹಾಯಿಸಿ ಪಡೆದ ಚುಕ್ಕಿಗಳ ಲೆಕ್ಕದಿಂದ ಪರಮಾಣುಗಳ ಜಾಗ ಗುರುತಿಸುವಾಗ ಅನುಮಾನಪಡಲು ಕಲಿತಿರಬೇಕು. ಅನುಭವಸ್ಥರ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ ಇದು.

1971ರಲ್ಲಿ ವಿಜಯನ್ ಬೆಂಗಳೂರಿಗೆ ಮರಳಿದಾಗ ಇಲ್ಲಿ ಪ್ರೋಟೀನ್ ಸ್ಫಟಿಕಗಳ ಕೆಲಸಕ್ಕೆ ಸೌಲಭ್ಯವಿರಲಿಲ್ಲ. ಅವರು ಅಮೈನೋ ಆಮ್ಲಗಳಂಥ ಸಣ್ಣ ಅಣುಗಳ ಮೇಲೆಯೇ ವಿದ್ಯಾರ್ಥಿಗಳನ್ನು ಪಳಗಿಸಿದರು. ಆ ಕಾಯುವಿಕೆ ವ್ಯರ್ಥವಾಗಲಿಲ್ಲ. 1994ರಲ್ಲಿ ಅವರ ತಂಡ ಕಡಲೆಕಾಯಿಯ ಲೆಕ್ಟಿನ್ ಪ್ರೋಟೀನಿನ ರಚನೆ ಬಿಡಿಸಿತು. ಹಲವು ಕ್ಯಾನ್ಸರ್ ಕೋಶಗಳ ಮೈಮೇಲೆ ಬಯಲಾಗುವ, ಆರೋಗ್ಯವಂತ ಕೋಶಗಳಲ್ಲಿ ಸಾಮಾನ್ಯವಾಗಿ ಮರೆಯಾಗಿರುವ ಒಂದು ಸಕ್ಕರೆಯನ್ನು ಈ ಪ್ರೋಟೀನ್ ಗುರುತು ಹಿಡಿಯುತ್ತದೆ. ಎರಡು ವರ್ಷಗಳ ನಂತರ ಹಲಸಿನ ಬೀಜದ ಲೆಕ್ಟಿನ್ ಆದ ಜಾಕಲಿನ್‌ನ ರಚನೆ. ಆ ಕೆಲಸದ ಮುಂಚೂಣಿಯಲ್ಲಿದ್ದ ಶಿಷ್ಯ ಆರ್. ಶಂಕರನಾರಾಯಣನ್ ಮುಂದೆ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ (ಸಿಸಿಎಂಬಿ) ತಮ್ಮದೇ ತಂಡ ಕಟ್ಟಿದರು.

ನಂತರ ಕ್ಷಯ. ಆ ರೋಗಾಣು ತನ್ನ ತುಂಡಾದ ಡಿಎನ್‌ಎಯನ್ನು ರೆಕ್-ಎ ಎಂಬ ಪ್ರೋಟೀನಿನ ನೆರವಿನಿಂದ ದುರಸ್ತಿ ಮಾಡಿಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರೇ ಆದ ಕೆ. ಮುನಿಯಪ್ಪ ಅವರ ಜೊತೆಗೂಡಿ ವಿಜಯನ್ ತಂಡ 2000ದಲ್ಲಿ ಅದರ ರಚನೆ ಪ್ರಕಟಿಸಿತು. ಶಕ್ತಿ ಒದಗಿಸುವ ಎಟಿಪಿ ಅಣು ಕೂರುವ ಪೊಟರೆ ಕ್ಷಯಾಣುವಿನ ರೆಕ್-ಎಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ್ದಕ್ಕಿಂತ ತುಸು ಅಗಲ. ಹಾಗಾಗಿ ಹಿಡಿತವೂ ಸಡಿಲ. ರೋಗಾಣುವಿನಲ್ಲಿ ಮಾತ್ರ ಹೋಗಿ ಕೂರುವ ಔಷಧ ಹುಡುಕುವವರಿಗೆ ಬೇಕಾಗುವುದು ಇಂಥ ಕೂದಲೆಳೆಯ ವ್ಯತ್ಯಾಸಗಳೇ.