ಕೋಳಿ ಗೂಡಿಗೆ ರಾತ್ರಿ ಕಿವಿಗೊಡಿ

ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಜವಾರಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ರೋಗವೇ ಆಗಬೇಕಿಲ್ಲ. ಕೋಳಿಗೆ ಬೆವರುವುದು ಗೊತ್ತಿಲ್ಲ. ರೆಕ್ಕೆ ಅಗಲಿಸಿ, ಗಂಟಲಿನ ತೇವ ಆರಿಸಿಕೊಂಡೇ ಅದು ಮೈ ತಂಪು ಮಾಡಿಕೊಳ್ಳುವುದು. ಹಾಗಾಗಿ ಈ ಭಾಗದಲ್ಲಿ ಉಸಿರಾಟದ ರೋಗವನ್ನು ಹಗಲು ಹುಡುಕಿದರೆ ಮೋಸಹೋಗುತ್ತೇವೆ. ಕೋಳಿಗಳು ಗೂಡು ಸೇರಿ ಒಂದು ತಾಸಾದ ಮೇಲೆ ದೀಪ ಹಚ್ಚದೆ ಪಕ್ಕದಲ್ಲಿ ಐದು ನಿಮಿಷ ಕೂತು ಕೇಳಬೇಕು. ಕಡು ಬೇಸಿಗೆಯಾದರೆ ನಸುಕಿನಲ್ಲಿ. ಆರೋಗ್ಯವಾಗಿರುವ ಕೋಳಿಯ ಉಸಿರು ಕೇಳಿಸುವುದೇ ಇಲ್ಲ. ಸೀನು, ಗೊರಗೊರ ಸದ್ದು, ಸಿಳ್ಳೆಯಂಥ ಎಳೆತ ಕೇಳಿಸಿದರೆ ಬೆಳಗಾದೊಡನೆ ಒಂದೊಂದನ್ನೇ ಹಿಡಿದು ಕಣ್ಣು, ಮೂಗು, ಬಾಯಿ, ಹಿಕ್ಕೆ ನೋಡಿ.

ಯಾವ ರೋಗ ಎಂದು ಊಹಿಸಲು ಹರಡುವ ವೇಗವೇ ಮೊದಲ ಸುಳಿವು. ಇವತ್ತು ಒಂದು, ಮುಂದಿನ ವಾರ ಇನ್ನೆರಡು ಎಂದು ನಿಧಾನಕ್ಕೆ ಹಬ್ಬಿ, ಕಣ್ಣಿನ ಮೂಲೆಯಲ್ಲಿ ಸೋಪಿನಂಥ ನೊರೆ ಕಂಡರೆ ಅದು ಬಹುಮಟ್ಟಿಗೆ ಸಿಆರ್‌ಡಿ, ಅಂದರೆ ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ದೀರ್ಘಕಾಲದ ಉಸಿರಾಟದ ರೋಗ. ಎರಡು ಮೂರು ದಿನದಲ್ಲಿ ಹಲವು ಕೋಳಿಗಳ ಮುಖ ಊದಿ, ಕಣ್ಣು ಮುಚ್ಚಿ, ಮೂಗಿನ ಸಿಂಬಳ ಕೊಳೆತ ವಾಸನೆ ಹೊಡೆದರೆ ಕೊರೈಜಾ ಎಂಬ ಬ್ಯಾಕ್ಟೀರಿಯಾ ಸೋಂಕು. ಒಂದೆರಡು ದಿನದಲ್ಲೇ ಇಡೀ ಗುಂಪು ಸೀನತೊಡಗಿ, ಆಮೇಲೆ ಮೊಟ್ಟೆಯ ಚಿಪ್ಪು ಸುಕ್ಕಾಗಿ ಒಳಗಿನ ಬಿಳಿ ಭಾಗ ನೀರಾದರೆ ಬ್ರಾಂಕೈಟಿಸ್ ವೈರಸ್. ಕುತ್ತಿಗೆ ಚಾಚಿ ಉಸಿರೆಳೆಯುವುದರ ಜೊತೆಗೆ ಹಸಿರು ಭೇದಿ, ಸಾಲು ಸಾಲು ಸಾವು, ಬದುಕುಳಿದವಕ್ಕೆ ತಿರುಚಿದ ಕತ್ತು: ಇದು ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಗುರುತಿಸಿದ್ದೂ ಇದನ್ನೇ. ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ ಕಾಣಿಸಿದ್ದರಿಂದ ನಮ್ಮ ದೇಶದಲ್ಲಿ ರಾಣಿಖೇತ ರೋಗವೆಂದೂ ಕರೆಯುತ್ತಾರೆ. ಲಸಿಕೆ ಕಾಣದ ಗುಂಪಿನಲ್ಲಿ ಇದು ಒಂದನ್ನೂ ಉಳಿಸದೆ ಹೋಗಬಹುದು.

ಇವು ಊಹೆಗಳಷ್ಟೇ. ಎರಡು ರೋಗ ಒಟ್ಟಿಗೇ ಇರುವುದೂ ಉಂಟು. ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸಿನ ಜೊತೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ದರೆ ಮರಣೋತ್ತರ ಪರೀಕ್ಷೆಯಿಂದ ಹೆಚ್ಚು ಖಚಿತವಾಗಿ ತಿಳಿಯುತ್ತದೆ. ಬೀದರಿನವರಿಗೆ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಊರಲ್ಲಿದೆ. ಆದರೆ ಲಕ್ಷಣವೇ ಇಲ್ಲದೆ ಒಮ್ಮೆಲೇ ಹಲವು ಸತ್ತರೆ, ಇಲ್ಲವೇ ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ ಹಕ್ಕಿಜ್ವರದ ಶಂಕೆ. ಆಗ ಮುಟ್ಟಬೇಡಿ, ಕೊಯ್ಯಬೇಡಿ, ಒಯ್ಯಲೂ ಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ರೋಗಿ ಕೋಳಿಯನ್ನು ಬುಟ್ಟಿ ಮುಚ್ಚಿ ಅದೇ ಅಂಗಳದಲ್ಲಿಟ್ಟರೆ ಬೇರ್ಪಡಿಸಿದಂತಾಗಲಿಲ್ಲ. ಮನೆಯ ಇನ್ನೊಂದು ಬದಿಗೆ, ಗಾಳಿ ಗೂಡಿನ ಕಡೆ ಬೀಸದಂತೆ ಇಡಿ. ನೀರಿನ ಪಾತ್ರೆ ಬೇರೆ ಇರಲಿ. ಕಾಳು ನೀರು ಹಾಕುವಾಗ ಗಟ್ಟಿಮುಟ್ಟಾದವು ಮೊದಲು, ರೋಗಿ ಕೊನೆಗೆ. ಆಮೇಲೆ ಕೈಕಾಲು ಸೋಪಿನಲ್ಲಿ ತೊಳೆಯಿರಿ.

ಬೀದರಿನ ಡಿಸೆಂಬರ್ ಚಳಿಗೆ ಹೆದರಿ ಗೂಡಿನ ಸುತ್ತ ಗೋಣಿತಟ್ಟು, ತಾಡಪಾಲು ಬಿಗಿಯುವುದು ರೋಗಕ್ಕೆ ಬಾಗಿಲು ತೆರೆದಂತೆ. ಹಸಿ ಹಿಕ್ಕೆಯಿಂದೇಳುವ ಅಮೋನಿಯಾ ಒಳಗೇ ನಿಂತು, ಶ್ವಾಸನಾಳದ ಕೊಳೆಯನ್ನು ಹೊರದೂಡುವ ಸಣ್ಣ ರೋಮಗಳನ್ನು ಕುಂದಿಸುತ್ತದೆ. ಆಮೇಲೆ ಯಾವ ಸೂಕ್ಷ್ಮಜೀವಿಗೂ ದಾರಿ ಸಲೀಸು. ಗೂಡಿನೊಳಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಕೋಳಿಗೆ ಆಗಲೇ ಹಾನಿಯಾಗಿದೆ. ಕೋಳಿಯ ಎತ್ತರದವರೆಗೆ ಮಾತ್ರ ಮುಚ್ಚಿ, ಮೇಲೆ ಒಂದು ಗೇಣು ತೆರವಿರಲಿ. ಯಾದಗಿರಿ ಕಡೆ ಸಿಗುವ ಭತ್ತದ ಹೊಟ್ಟನ್ನು ಎರಡು ಮೂರು ಇಂಚು ಹರಡಿ, ಒದ್ದೆಯಾದದ್ದನ್ನು ಆಗಾಗ ಎತ್ತಿಹಾಕಿ.

ಔಷಧಿಯ ವಿಷಯದಲ್ಲಿ ಆಗುವ ತಪ್ಪುಗಳು ಹೆಚ್ಚು. ಮೈಕೊಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಹೊಡೆಯುವುದು ಆ ಭಿತ್ತಿಯನ್ನೇ. ಹಾಗಾಗಿ ಮನೆಯಲ್ಲಿ ಉಳಿದ, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಪುಡಿ ಮಾಡಿ ಕೊಟ್ಟರೆ ಸಿಆರ್‌ಡಿಗೆ ಏನೂ ಆಗದು. ವೈದ್ಯರು ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆಯಬಹುದು. ಡಾಕ್ಸಿಸೈಕ್ಲಿನ್ ಆದರೆ ನೀರಿನ ಬಗ್ಗೆ ಎಚ್ಚರ ಬೇಕು. ಸೇಡಂ, ಶಹಾಬಾದ್ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಔಷಧಿಯನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರಲ್ಲಿ ದಿನಾ ಬೆಳಿಗ್ಗೆ ಹೊಸದಾಗಿ ಕಲಸಿ ನೆರಳಲ್ಲಿಡಿ. ಗುಣವಾದಂತೆ ಕಂಡ ಹೇಂಟೆ ಆಮೇಲೂ ಸೋಂಕು ಹೊತ್ತೇ ಇರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ಅದರ ಮೊಟ್ಟೆಯನ್ನು ಕಾವಿಗೆ ಕೂಡಿಸಬಾರದು. ಔಷಧಿ ಕೊಡುವಾಗಲೂ, ನಂತರ ವೈದ್ಯರು ಹೇಳಿದಷ್ಟು ದಿನವೂ ಮೊಟ್ಟೆ, ಮಾಂಸ ತಿನ್ನಬೇಡಿ, ಮಾರಬೇಡಿ.

ಕೊಕ್ಕರೆ ರೋಗಕ್ಕೆ ಔಷಧಿಯಿಲ್ಲ, ಇರುವುದು ಲಸಿಕೆ. ಮರಿಗೆ 5ರಿಂದ 7ನೇ ದಿನ ಲಸೋಟಾ ಅಥವಾ ಎಫ್-1 ಕಣ್ಣಿಗೆ ಒಂದು ಹನಿ. ಕಣ್ಣು ಮಿಟುಕಿಸುವವರೆಗೆ ಕೈಬಿಡಬೇಡಿ. ನಾಲ್ಕನೇ ವಾರ ಮತ್ತೊಮ್ಮೆ ಲಸೋಟಾ. 8ನೇ ವಾರ ಆರ್2ಬಿ, 0.5 ಮಿಲಿ ಚರ್ಮದಡಿ ಚುಚ್ಚುಮದ್ದು. ಇದು ತುಸು ಬಿರುಸಾದ ತಳಿ, ಎಳೆಯ ಮರಿಗೆ ಕೊಟ್ಟರೆ ಲಸಿಕೆಯೇ ಕೊಲ್ಲಬಹುದು. ಸೀನುತ್ತಿರುವ ಕೋಳಿಗೂ ಬೇಡ, ಸಿಆರ್‌ಡಿ ಕೆರಳುತ್ತದೆ. ಲಸಿಕೆಗೆ ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಬಿಸಿಲು. ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಐಸ್ ತುಂಬಿದ ಥರ್ಮಾಸ್‌ನಲ್ಲಿ ತಂದು, ಬೆಳಗಿನ ತಂಪಲ್ಲಿ ಕಲಸಿ, ಒಂದೆರಡು ತಾಸಿನಲ್ಲಿ ಮುಗಿಸಿ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಡೋಸ್ ಇರುತ್ತದೆ, ನಿಮ್ಮಲ್ಲಿರುವುದು ಹನ್ನೆರಡು ಕೋಳಿ. ಓಣಿಯವರೆಲ್ಲ ದಿನ ಗೊತ್ತುಮಾಡಿಕೊಂಡು ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ಪಕ್ಕದ ಮನೆಯ ಕೋಳಿಯಿಂದ ಬರುವ ಭಯವೂ ಕಡಿಮೆಯಾಗುತ್ತದೆ. ಲಸಿಕೆ ಹಾಕುವವರು ಮನೆಯಿಂದ ಮನೆಗೆ ಹೋಗುವಾಗ ಕೈ, ಚಪ್ಪಲಿ ತೊಳೆದುಕೊಂಡೇ ಹೋಗಬೇಕು.

ಸೋಂಕು ಅಂಗಳಕ್ಕೆ ಬರುವ ಹೆದ್ದಾರಿ ಸಂತೆ. ಅಲ್ಲಿಂದ ತಂದ ಹುಂಜವನ್ನು 21 ದಿನ ಬೇರೆ ಇಟ್ಟು, ರಾತ್ರಿ ಕಿವಿಗೊಟ್ಟು ನೋಡಿ, ಆಮೇಲೆ ಗುಂಪಿಗೆ ಸೇರಿಸಿ. ಅಷ್ಟೇ ಮುಖ್ಯವಾದದ್ದು, ಸಾಯುವ ಮೊದಲು ನಾಲ್ಕು ಕಾಸಾಗಲಿ ಎಂದು ರೋಗಿ ಕೋಳಿಯನ್ನು ಸಂತೆಗೆ ಒಯ್ಯಬಾರದು. ಹತ್ತೂರಿನ ಅಂಗಳ ಖಾಲಿಯಾಗುವುದು ಹಾಗೆಯೇ. ಪರೀಕ್ಷೆಗೆ ಒಯ್ಯದ ಕೋಳಿ ಸತ್ತರೆ ಹಳ್ಳಕ್ಕೂ ತಿಪ್ಪೆಗೂ ಎಸೆಯದೆ, ಬಾವಿಯಿಂದ ದೂರ ಮೂರು ನಾಲ್ಕು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಗೂಡನ್ನು ಮೊದಲು ಕೆರೆದು, ಸೋಪಿನ ನೀರಲ್ಲಿ ತಿಕ್ಕಿ ತೊಳೆಯಿರಿ. ಹಿಕ್ಕೆಯ ಮೇಲೆ ಬ್ಲೀಚಿಂಗ್ ಸುರಿದರೆ ಅದರ ಬಲವೆಲ್ಲ ಹಿಕ್ಕೆಗೇ ಖರ್ಚಾಗುತ್ತದೆ. ಆಮೇಲೆ ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಸಿಂಪಡಿಸಿ, ಒಣಗಿದ ಮೇಲೆ ಗೋಡೆಗೆ ಸುಣ್ಣ ಬಳಿಯಿರಿ. ಶಹಾಬಾದಿ ಪರಸಿ ಹಾಸಿದ ಗೂಡಾದರೆ ಈ ಕೆಲಸ ಅರ್ಧ ದಿನದ್ದು. ಮಣ್ಣು ನೆಲವಾದರೆ ಮೇಲಿನ ಎರಡು ಇಂಚು ಮಣ್ಣು ತೆಗೆದು ಹೂಳಿ, ಹೊಸ ಮಣ್ಣು ಹಾಕಿ, ಬಿಸಿಲು ಬೀಳುವಂತೆ ತೆರೆದಿಟ್ಟು ಕನಿಷ್ಠ ಮೂರು ವಾರ ಖಾಲಿ ಬಿಡಿ.